ಕೊಕ್ಕರೆ ಬರುವವರೆಗೆ ಬಿಸಿಯಿಲ್ಲ

೨೦೨೪ನೆಯ ಇಸವಿಯ ಜನವರಿ ಒಂಬತ್ತು, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಕಟ್ಟಡದ ಹಿತ್ತಲಿನಲ್ಲಿರುವ ಹಳೆಯ ಕಲ್ಲಿದ್ದಲ ಕೊಟ್ಟಿಗೆಯ ತಗಡಿನ ಮೇಲೆ ನಲವತ್ತಮೂರು ಗುಬ್ಬಿ, ಆರು ಪಾರಿವಾಳ, ಎರಡು ಕಾಗೆ, ಒಟ್ಟು ಐವತ್ತೊಂದು ಹಕ್ಕಿಗಳಿದ್ದವು. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿನ ಚಳಿ. ನಾನು ಹಕ್ಕಿಗಳನ್ನು ಎಣಿಸುವ ಸ್ವಭಾವದವನಲ್ಲ. ಆದರೆ ಮೂವತ್ತೇಳು ವರ್ಷ ಶಾಲೆಯಲ್ಲಿ ಅಂಕಗಣಿತ ಕಲಿಸಿದವನು ಕಣ್ಣೆದುರಿಗೆ ಇದ್ದದ್ದನ್ನು ಎಣಿಸದೆ ಬಿಡುವುದೂ ಸಾಧ್ಯವಿಲ್ಲ.

ಕಿಟಕಿಯ ಬಳಿ ನಾನು ಕಾಲು ಬದಲಾಯಿಸುತ್ತ ನಿಂತಿದ್ದುದಕ್ಕೆ ಕಾರಣ ಹಕ್ಕಿಗಳಲ್ಲ, ನೆಲ. ನಮ್ಮ ಊರಾದ ಎರ್ಜುರುಮಿನ ಈ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ನಾನು ಹನ್ನೊಂದು ಚಳಿಗಾಲಗಳನ್ನು ಕಳೆದಿದ್ದೇನೆ. ನನ್ನ ನೆಲ ಆ ವರ್ಷದಂತೆ ಎಂದೂ ಪಾದವನ್ನು ಕೊರೆದಿರಲಿಲ್ಲ.

ಕಾರಣ ಅಂದೇ ಮಧ್ಯಾಹ್ನ ಕೆಳಗಿನ ಬಾಗಿಲಿನ ಒಳಬದಿಗೆ ಅಂಟಿಕೊಂಡಿತು. ಹಿಂದಿನ ವರ್ಷದವರೆಗೆ ಕಟ್ಟಡದ ಬಿಸಿನೀರಿನ ಒಲೆಗೆ ತಗಲುವ ಗ್ಯಾಸಿನ ಖರ್ಚನ್ನು ಆರು ಮನೆಗಳು ಸಮನಾಗಿ ಹಂಚಿಕೊಳ್ಳುತ್ತಿದ್ದವು. ಆ ಶರತ್ಕಾಲದಲ್ಲಿ ಕೋಣೆಗಳನ್ನು ಕಾಯಿಸುವ ಪ್ರತಿಯೊಂದು ರೇಡಿಯೇಟರಿಗೂ ಬೆರಳುದ್ದದ ಒಂದು ಮೀಟರು ಅಂಟಿಸಿದರು. ಇನ್ನು ಮುಂದೆ ಯಾರು ಎಷ್ಟು ಕಾಯಿಸಿಕೊಳ್ಳುತ್ತಾರೋ ಅಷ್ಟು ಕೊಡಬೇಕು. ಕಟ್ಟಡದ ಮೇಲ್ವಿಚಾರಣೆ ನೋಡಿಕೊಳ್ಳುವ ನೆಲಮನೆಯ ತಹ್ಸೀನ್ ಡಿಸೆಂಬರಿನ ಪಟ್ಟಿಯನ್ನು ಅಂದು ಅಂಟಿಸಿದ. ನನ್ನದು ಒಂದು ಸಾವಿರದ ಒಂಬೈನೂರ ಅರವತ್ತನಾಲ್ಕು ಲಿರಾ. ನನ್ನ ಎದುರಿಗಿರುವ, ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಮನೆಯದು ಒಂದು ಸಾವಿರದ ಐನೂರ ಐವತ್ತೆರಡು. ವ್ಯತ್ಯಾಸ ನಾನೂರ ಹನ್ನೆರಡು. ನನ್ನ ಕೆಳಗಿನ ಮನೆ, ಅಂದರೆ ವೆಹ್ಬಿಯ ಮನೆ, ಕೊಡಬೇಕಾದದ್ದು ಕಾಯಿಸದಿದ್ದರೂ ಎಲ್ಲರಿಗೂ ಬೀಳುವ ಕನಿಷ್ಠ ಪಾಲು, ಮುನ್ನೂರ ಹದಿನೆಂಟು.

ನಾನು ಪಟ್ಟಿಯನ್ನು ಎರಡು ಸಲ ಓದಿದೆ. ನನ್ನ ನಾನೂರ ಹನ್ನೆರಡು ಲಿರಾ ಎಲ್ಲಿ ಹೋಯಿತೆಂಬುದು ತಿಳಿಯಿತು. ಅದು ನನ್ನ ನೆಲದ ಮೂಲಕ ಇಳಿದು ವೆಹ್ಬಿಯ ಚಾವಣಿಯನ್ನು ಕಾಯಿಸುತ್ತಿತ್ತು.

ವೆಹ್ಬಿ ಅಂಚೆ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಾಗದ ವಿಂಗಡಿಸಿ ನಿವೃತ್ತನಾದವನು. ಅವನ ಕಾಲದಲ್ಲಿ ಒಂದು ಕಾಗದವೂ ಕಳೆಯಲಿಲ್ಲವೆಂದು ಹೇಳುತ್ತಾರೆ. ಮೊದಲು ಬೇರೆ ಕಡೆಗೆ ಹೋಗಿ ಆಮೇಲೆ ಬರುತ್ತಿತ್ತು, ಅಷ್ಟೇ. ದುಂಡನೆಯ ಮುಖ, ಯಾರ ಮೇಲೂ ಕೋಪವಿಲ್ಲ, ಲೆಕ್ಕದ ಮೇಲೂ ಗೌರವವಿಲ್ಲ. ಮೀಟರು ಬಂದ ದಿನವೇ ಅವನು ಹೆಂಡತಿ ಮುಯೆಸ್ಸರಿಗೆ ಹೇಳಿದ ಮಾತು ನನಗೆ ಗೊತ್ತು. ಬಿಸಿನೀರಿನ ಕೊಳವೆ ಮೂರು ಅಂತಸ್ತುಗಳನ್ನೂ ತೂರಿ ಏರುತ್ತದೆ. ಬಿಸಿಯನ್ನು ಒಯ್ಯುವಂತೆ ಮಾತನ್ನೂ ಒಯ್ಯುತ್ತದೆ. ಕದ್ದು ಕೇಳುವುದು ನನ್ನ ವಯಸ್ಸಿಗೆ ತಕ್ಕದ್ದಲ್ಲ. ಆದರೆ ನನ್ನ ಕುರ್ಚಿ ಇರುವುದು ಕೊಳವೆಯ ಪಕ್ಕದಲ್ಲಿ, ಅದನ್ನು ಸರಿಸುವುದೂ ನನ್ನ ವಯಸ್ಸಿಗೆ ತಕ್ಕದ್ದಲ್ಲ.

“ನೋಡೇ, ಮೇಲೆ ಮೇಷ್ಟ್ರು, ಕೆಳಗೆ ತಹ್ಸೀನು, ಪಕ್ಕದಲ್ಲಿ ಮೆಲಾಹತ್ ಅಕ್ಕ. ನಾವು ರೊಟ್ಟಿ ಮಧ್ಯದ ಕಬಾಬು ಇದ್ದಂಗೆ. ಕಬಾಬಿಗೆ ಬೇರೆ ಒಲೆ ಯಾಕೆ?” ಎಂದಿದ್ದ ವೆಹ್ಬಿ. ಆರು ರೇಡಿಯೇಟರುಗಳ ಕಿವಿಯನ್ನೂ ಒಂದೊಂದಾಗಿ ತಿರುಗಿಸಿ ಮುಚ್ಚಿದ ಕಿರುಗುಟ್ಟುವಿಕೆ ಕೇಳಿಸಿತ್ತು. ನಾನು ಆರನ್ನೂ ಎಣಿಸಿದ್ದೆ.

ಜನವರಿ ಹದಿನಾಲ್ಕು, ಭಾನುವಾರ, ತಹ್ಸೀನನ ಮನೆಯಲ್ಲಿ ಕಟ್ಟಡದ ಸಭೆ ಸೇರಿತು. ಚಹಾ ಬಂತು. ಎಲ್ಲರೂ ಸಕ್ಕರೆಯ ಗಟ್ಟಿಯನ್ನು ದವಡೆಗೆ ಸೇರಿಸಿಕೊಂಡರು. ಸಕ್ಕರೆ ಕರಗುವವರೆಗೆ ಯಾರೂ ಜಗಳವಾಡಲಾರರು. ನಮ್ಮ ಊರಿನ ಸಭೆಗಳು ಇದರಿಂದಲೇ ಶಾಂತವಾಗಿ ಆರಂಭವಾಗುತ್ತವೆ. ಕರಗಿದ ಮೇಲೆ ನಾನು ಎದ್ದು ನಿಂತು, ಬರೆದು ತಂದ ಹಾಳೆಯನ್ನು ಓದಿದೆ. ಗೋಡೆ ಎಷ್ಟು, ಚಾವಣಿ ಎಷ್ಟು, ನೆಲ ಎಷ್ಟು. ಕೊನೆಯಲ್ಲಿ ನನಗೆ ಬರಬೇಕಾದದ್ದು ಎಷ್ಟು.

“ಅಂದ್ರೆ ವೆಹ್ಬಿ ಅಣ್ಣ ಬಿಸಿ ಕದೀತಾ ಇದ್ದಾರೆ ಅಂತೀರಾ ಮೇಷ್ಟ್ರೇ?” ಎಂದ ತಹ್ಸೀನ್.

“ನಾನು ಕಳ್ಳತನ ಎಂಬ ಪದ ಬಳಸಿಲ್ಲ. ಭಾಗಾಕಾರ ಮಾತ್ರ ಮಾಡಿದ್ದೇನೆ.”

“ಅದಕ್ಕೇ ನಮ್ಮ ಮಂಚದ ಕಡೆ ಗೋಡೆ ಮಂಜುಗಡ್ಡೆ ಆಗಿರೋದು!” ಎಂದರು ಮೆಲಾಹತ್ ಅಕ್ಕ. ಅವರು ವಿಧವೆ, ವೆಹ್ಬಿಯ ಪಕ್ಕದ ಮನೆಯಲ್ಲಿ ಮಗನೊಡನೆ ಇರುತ್ತಾರೆ. “ನಾನು ವಯಸ್ಸಾಯ್ತೇನೋ, ರಕ್ತ ತಣ್ಣಗಾಯ್ತೇನೋ ಅಂತ ಡಾಕ್ಟರ ಹತ್ರ ಹೋಗಿ ಬಂದೆ. ಡಾಕ್ಟರ ದುಡ್ಡು ಯಾರು ಕೊಡ್ತಾರೆ?”

“ಹೇಳಿ ವೆಹ್ಬಿ ಅಣ್ಣ,” ಎಂದ ತಹ್ಸೀನ್. “ಪಿಂಚಣಿ ಬರುತ್ತೆ, ಮಗಳು ನೆರ್ಮಿನ್ ಆಸ್ಪತ್ರೇಲಿ ದುಡೀತಾಳೆ. ಇಷ್ಟು ಉಳಿಸಿ ಏನು ಮಾಡ್ತೀರಾ?”

ವೆಹ್ಬಿ ಉತ್ತರಕ್ಕಾಗಿ ಚಹಾ ಲೋಟದೊಳಗೆ ನೋಡಿದ, ನೆಲದ ಜಮಖಾನವನ್ನು ನೋಡಿದ, ಕೊನೆಗೆ ಹಿತ್ತಲಿನ ಕಿಟಕಿಯನ್ನು ನೋಡಿದ. ಸರಿಯಾಗಿ ಆ ಗಳಿಗೆಯಲ್ಲಿ ಮೇಲಿನ ಬಾಲ್ಕನಿಯಿಂದ ಮುಯೆಸ್ಸರ್ ಊಟದ ಬಟ್ಟೆಯನ್ನು ಝಾಡಿಸಿದಳು. ರೊಟ್ಟಿಯ ಚೂರುಗಳು ಕಲ್ಲಿದ್ದಲ ಕೊಟ್ಟಿಗೆಯ ಮೇಲೆ ಬಿದ್ದವು. ಐವತ್ತು ಗುಬ್ಬಿಗಳು ಬೊಗಸೆ ತುಂಬ ಎರಚಿದಂತೆ ಇಳಿದವು.

“ಹಕ್ಕಿಗಳಿಗೆ,” ಎಂದ ವೆಹ್ಬಿ.

ಸಭೆ ಕಿಟಕಿಯ ಕಡೆ ತಿರುಗಿತು.

“ಹಕ್ಕಿಗಳಿಗಾ?”

“ಹರಕೆ,” ಎಂದ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಂಚೆಯವನಿಗೆ ಅಂಚೆಚೀಟಿ ಸಾಲದು ಎಂದು ತೋರಿದರೆ ಮೇಲೆ ಇನ್ನೆರಡು ಅಂಟಿಸುವ ಅಭ್ಯಾಸ. “ಈ ಚಳಿಗಾಲ ನಾನು ಬಿಸಿ ಮುಟ್ಟಲ್ಲ, ಆ ದುಡ್ಡಲ್ಲಿ ಹಕ್ಕಿಗಳಿಗೆ ಕಾಳು ಹಾಕ್ತೀನಿ ಅಂತ ದೇವರಿಗೆ ಹೇಳ್ಕೊಂಡಿದ್ದೆ. ಚಳಿ ಕಳೆದು ಕೊಕ್ಕರೆ ಬರೋವರೆಗೆ. ಯಾರಿಗೂ ಹೇಳಬಾರದು ಅಂತಿದ್ದೆ. ಮೇಷ್ಟ್ರು ಹೇಳಿಸಿಬಿಟ್ರು.”

ಎಲ್ಲರೂ ನನ್ನನ್ನು ನೋಡಿದರು. ಸಂತನ ಬಾಯಿಯನ್ನು ಇಕ್ಕಳದಿಂದ ತೆರೆಸಿದವನನ್ನು ನೋಡುವ ನೋಟ. ಮೆಲಾಹತ್ ಅಕ್ಕ ಅಳತೊಡಗಿದ್ದರು.

“ಗೋಡೆ ತಣ್ಣಗಿದೆ ಅಂತ ಬೈಕೊಂಡೆನಲ್ಲಪ್ಪ! ಆ ಗೋಡೆಗೆ ತಲೆ ಇಟ್ಟು ಮಲಗೋ ಪುಣ್ಯ ನನ್ನದು! ವೆಹ್ಬಿ ಅಣ್ಣ, ನಿನ್ನ ಹರಕೇಲಿ ನಂದೂ ಒಂದು ಸೇರಿಸ್ಕೋ. ನನ್ನ ಮಗ ಡ್ರೈವಿಂಗ್ ಪರೀಕ್ಷೇಲಿ ನಾಲ್ಕು ಸಲ ಫೇಲು.”

“ಅಕ್ಕಾ, ಅದು ಹಾಗೆಲ್ಲ ಸೇರಿಸೋಕೆ...”

“ನಂದೂ,” ಎಂದ ತಹ್ಸೀನ್, ಸೊಂಟದ ಎಡಭಾಗವನ್ನು ಒತ್ತಿ ಹಿಡಿದುಕೊಂಡು. “ಕಿಡ್ನೀಲಿ ಕಲ್ಲಿದೆ. ಏಳು ಮಿಲಿಮೀಟರು. ಬರ್ಕೊಳ್ಳಿ ಅಣ್ಣ, ಏಳು.”

ನನ್ನ ಹಾಳೆ ನನ್ನ ಕೈಯಲ್ಲೇ ಉಳಿಯಿತು. ನಾನೂರ ಹನ್ನೆರಡು ಲಿರಾದ ಬಗ್ಗೆ ಸಭೆ ಯಾವ ನಿರ್ಣಯವನ್ನೂ ಕೈಗೊಳ್ಳಲಿಲ್ಲ.

ಅಂದು ಸಂಜೆ ಕೊಳವೆ ಮಾತಾಡಿತು.

“ಬಟ್ಟೆ ಝಾಡಿಸಿದ್ದು ಕಣ್ರೀ ನಾನು! ಬಟ್ಟೆ! ಅದರಲ್ಲಿ ದೇವರೆಲ್ಲಿಂದ ಬಂದ?”

“ಮೆಲ್ಲಗೆ ಮಾತಾಡೇ. ನಾಲ್ಕು ದಿನ ಆದ್ಮೇಲೆ ಎಲ್ಲಾರೂ ಮರೀತಾರೆ.”

“ಮೈಮೇಲೆ ಮೂರು ಸ್ವೆಟರ್ ಹಾಕ್ಕೊಂಡಿದ್ದೀನಿ. ನಾಲ್ಕನೇದು ಹಾಕಿದ್ರೆ ಕೈ ಮಡಚೋಕಾಗಲ್ಲ, ಅಡುಗೆ ನೀವೇ ಮಾಡಿ.”

ನನಗೆ ಈಗ ಸತ್ಯ ಗೊತ್ತಿತ್ತು. ಆದರೆ ಕೊಳವೆಯ ಸಾಕ್ಷ್ಯವನ್ನು ಸಭೆಯ ಮುಂದೆ ಇಡುವುದು ಹೇಗೆ?

ಯಾರೂ ಮರೆಯಲಿಲ್ಲ. ಮರುದಿನ ಬೆಳಗಾಗುವುದರೊಳಗೆ ವೆಹ್ಬಿಯ ಬಾಗಿಲಿನ ಹಿಡಿಗೆ ಹಳೆಯ ರೊಟ್ಟಿಯ ಒಂಬತ್ತು ಚೀಲಗಳು ನೇತಾಡುತ್ತಿದ್ದವು. ನಮ್ಮಲ್ಲಿ ರೊಟ್ಟಿಯನ್ನು ಕಸಕ್ಕೆ ಎಸೆಯುವವನ ಮುಖವನ್ನು ಯಾರೂ ನೋಡುವುದಿಲ್ಲ. ಹಳಸಿದ ತುಣುಕುಗಳಿಗೆ ಒಂದು ಗತಿ ಸಿಕ್ಕಿತೆಂದು ಇಡೀ ಬೀದಿಗೆ ನೆಮ್ಮದಿಯಾಯಿತು. ಹಕ್ಕಿಗಳಿಗೆ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ವಾರದ ಕೊನೆಗೆ ನೂರ ಇಪ್ಪತ್ತು ಗುಬ್ಬಿ. ಎರಡನೆಯ ವಾರ ಕಬ್ಬಕ್ಕಿಗಳು ಬಂದವು. ಅವು ಎಣಿಸಲು ಒಂದು ಕಡೆ ಕೂರುವುದಿಲ್ಲವಾದ್ದರಿಂದ ಸುಮಾರು ಇನ್ನೂರು ಎಂದು ಬರೆದುಕೊಂಡೆ. ‘ಸುಮಾರು’ ಎಂಬ ಪದವನ್ನು ನಾನು ಬಳಸಿದ್ದು ಜೀವನದಲ್ಲಿ ಅದು ಮೂರನೆಯ ಸಲ.

ಜನರಿಗೆ ಉತ್ಸಾಹ ಇಳಿಯುತ್ತದೆ, ಹಕ್ಕಿಗಳಿಗೆ ಹಸಿವು ಇಳಿಯುವುದಿಲ್ಲ. ಫೆಬ್ರವರಿ ಬರುವ ಹೊತ್ತಿಗೆ ಬಾಗಿಲಿನ ಹಿಡಿಯಲ್ಲಿ ಒಂದೇ ಚೀಲ, ತಗಡಿನ ಮೇಲೆ ಮುನ್ನೂರ ಚಿಲ್ಲರೆ ಕೊಕ್ಕು. ವೆಹ್ಬಿ ಕಾಳಿನಂಗಡಿಗೆ ಹೋಗಲೇಬೇಕಾಯಿತು. ಗೋಧಿ ಕಿಲೋಗೆ ಹನ್ನೆರಡು ಲಿರಾ, ದಿನಕ್ಕೆ ನಾಲ್ಕು ಕಿಲೋ. ತಿಂಗಳಿಗೆ ಒಂದು ಸಾವಿರದ ನಾನೂರ ನಲವತ್ತು. ಇದಕ್ಕೆ ಅವನ ಪಾಲಿನ ಮುನ್ನೂರ ಹದಿನೆಂಟು ಸೇರಿಸಿದರೆ ಒಂದು ಸಾವಿರದ ಏಳುನೂರ ಐವತ್ತೆಂಟು. ಅಷ್ಟು ಹಣಕ್ಕೆ ಅವನು ಆರು ರೇಡಿಯೇಟರುಗಳನ್ನೂ ತೆರೆದು ಅಂಗಿಯ ತೋಳು ಮಡಚಿಕೊಂಡು ಕೂರಬಹುದಿತ್ತು. ಚಳಿಯಲ್ಲಿ ಕೂರುವುದಕ್ಕೆ ಇಷ್ಟು ದುಬಾರಿ ಬೆಲೆ ತೆತ್ತ ಇನ್ನೊಬ್ಬ ಮನುಷ್ಯ ಎರ್ಜುರುಮಿನಲ್ಲಿ ಇದ್ದಾನೆಂದು ನನಗನ್ನಿಸುವುದಿಲ್ಲ.

ಒಂದು ದಿನ ಸರ್ಕಾರಿ ಕಚೇರಿಯೊಂದರಿಂದ ಒಬ್ಬ ಅಧಿಕಾರಿ ಬಂದ. ಚಳಿಗಾಲದಲ್ಲಿ ಕಾಡುಜೀವಿಗಳಿಗೆ ಕಾಳು ಕೊಡುವ ಯೋಜನೆಯಂತೆ. ವೆಹ್ಬಿಯ ಹೆಸರು ಅಲ್ಲಿಗೂ ತಲುಪಿತ್ತು. ನಾಲ್ಕು ಹಾಳೆಯ ನಮೂನೆಯನ್ನು ಮೆಟ್ಟಿಲ ಮೇಲೆ ಹರಡಿಕೊಂಡು ಕೇಳಿದ:

“ಫಲಾನುಭವಿಗಳ ಸಂಖ್ಯೆ?”

“ಮೇಷ್ಟ್ರನ್ನ ಕೇಳಿ,” ಎಂದ ವೆಹ್ಬಿ.

“ಮುನ್ನೂರ ಹದಿನಾರು, ಬೆಳಗಿನ ಎಣಿಕೆ,” ಎಂದೆ.

“ಫಲಾನುಭವಿಗಳ ಸಹಿ?”

“ಸ್ವಾಮೀ, ಅವು ಗುಬ್ಬಿಗಳು.”

“ನಮೂನೇಲಿ ಜಾಗ ಇದೆಯಲ್ಲ,” ಎಂದು ಅವನು ಬಹಳ ಹೊತ್ತು ಯೋಚಿಸಿ, “ಸಹಿ ಆಮೇಲೆ ಪಡೆಯಲಾಗುವುದು” ಎಂದು ಬರೆದುಕೊಂಡ. “ನಾಲ್ಕು ಮೂಟೆ ಗೋಧಿ ಮಂಜೂರಾಗುತ್ತೆ. ಏಪ್ರಿಲ್‌ನಲ್ಲಿ.”

“ಏಪ್ರಿಲ್‌ನಲ್ಲಿ ಹುಳ ಸಿಗ್ತವಲ್ಲ ಅವಕ್ಕೆ?”

“ಚಳಿಗಾಲದ ಯೋಜನೆ ಏಪ್ರಿಲ್‌ನಲ್ಲೇ ಮಂಜೂರಾಗೋದು,” ಎಂದು ಅವನು ತುಂಬ ವಿನಯದಿಂದ ಹೇಳಿದ.

ಅದೇ ವಾರ ವೆಹ್ಬಿ ಮಸೀದಿಯ ಬಳಿಯ ಚಹಾದಂಗಡಿಯಲ್ಲಿ ನಮ್ಮ ಬೀದಿಯ ಇಮಾಮರ ಪಕ್ಕ ಕುಳಿತ. ಇಮಾಮರು ಮೂವತ್ತು ದಾಟದ, ಮಾತು ಕಡಿಮೆಯ ಮನುಷ್ಯ. ನಾನು ಅವರ ಎದುರಿಗೆ ಕುಳಿತಿದ್ದೆ.

“ಇಮಾಮರೇ, ನಮ್ಮ ಅಂಚೆ ಕಚೇರೀಲಿ ಒಬ್ಬ ಇದ್ದ. ನಿಮಗೆ ಗೊತ್ತಿಲ್ಲ ಅವನು. ಬಾಯಿತಪ್ಪಿ, ಸುಮ್ಮನೆ, ಒಂದು ಹರಕೆ ಹೊತ್ತೆ ಅಂದುಬಿಟ್ಟ. ಅದು ಲೆಕ್ಕಕ್ಕೆ ಬರುತ್ತಾ?”

“ತಮಾಷೆಗೆ ಆಡಿದ್ರೂ ಹರಕೆ ಹರಕೆನೇ,” ಎಂದರು ಇಮಾಮರು.

“ಮುರಿದ್ರೆ?”

“ಹತ್ತು ಜನ ಬಡವರಿಗೆ ಎರಡು ಹೊತ್ತು ಊಟ ಹಾಕಬೇಕು. ಏನು ಹರಕೆ ಅವನದು?”

ವೆಹ್ಬಿ ಗಾಬರಿಯಿಂದ ಎದ್ದ. “ಅವನು ವರ್ಗ ಆಗಿ ಹೋದ ಇಮಾಮರೇ,” ಎಂದು ಹೇಳಿ ಚಹಾದ ಹಣವನ್ನೂ ಕೊಡದೆ ಹೊರಟುಹೋದ. ಅದನ್ನು ನಾನು ಕೊಟ್ಟೆ. ಇಮಾಮರು ಕೇಳಿದ ಆ ಒಂದು ಪ್ರಶ್ನೆಗೆ ಅಂದು ಅವನು ಉತ್ತರ ಕೊಟ್ಟಿದ್ದರೆ ಮುಂದಿನ ಇಪ್ಪತ್ತು ದಿನಗಳ ಚಳಿ ಅವನಿಗೆ ತಪ್ಪುತ್ತಿತ್ತು.

ಇಲ್ಲಿಯವರೆಗೆ ಪಣಕ್ಕೆ ಬಿದ್ದಿದ್ದು ವೆಹ್ಬಿಯ ಮೂಗಿನ ತುದಿ ಮಾತ್ರ. ಫೆಬ್ರವರಿ ಇಪ್ಪತ್ತಮೂರರಂದು ಕೊಳವೆ ಹೊಸ ಸುದ್ದಿ ತಂದಿತು.

“ಮಾರ್ಚ್ ಮೂರು, ಭಾನುವಾರ ಬರ್ತಾರಂತೆ,” ಎಂದಳು ಮುಯೆಸ್ಸರ್. “ತುರ್ಗಯ್‌ನ ಅಪ್ಪ, ಅಮ್ಮ. ನಮ್ಮ ನೆರ್ಮಿನ್‌ನ ಕೇಳೋಕೆ.”

ತುರ್ಗಯ್ ಆಸ್ಪತ್ರೆಯಲ್ಲಿ ನೆರ್ಮಿನಳೊಡನೆ ಕೆಲಸ ಮಾಡುವ ಹುಡುಗ. ಒಳ್ಳೆಯವನು, ಚಿಲ್ಲರೆಯನ್ನು ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಎರಡು ವರ್ಷದಿಂದ ಈ ಹುಡುಗಿ ಈ ದಿನಕ್ಕಾಗಿ ಕಾದಿದ್ದಳು.

“ಬರಲಿ, ಸಂತೋಷ,” ಎಂದ ವೆಹ್ಬಿ.

“ಅವರು ಮೆರ್ಸಿನ್‌ನವರು ಕಣ್ರೀ! ಕಿತ್ತಳೆ ಮರದ ಕೆಳಗೆ ಹುಟ್ಟಿದ ಜನ! ಆಯಮ್ಮ ನಮ್ಮನೆ ಹದಿಮೂರು ಡಿಗ್ರೀಲಿ ಕೂತ್ರೆ ಕಾಫಿ ಕುಡಿಯೋದಕ್ಕೆ ಮುಂಚೆ ಮಗನ ಕೈ ಹಿಡ್ಕೊಂಡು ಎದ್ದು ಹೋಗ್ತಾಳೆ. ರೇಡಿಯೇಟರ್ ತೆಗೀರಿ. ಇಲ್ದಿದ್ರೆ ಅವರು ಹೋಗೋ ಬಸ್ಸಲ್ಲೇ ನಾನೂ ಹೋಗ್ತೀನಿ.”

ಆಮೇಲೆ ನೆರ್ಮಿನಳ ಧ್ವನಿ, ಮೆಲ್ಲಗೆ: “ಅಪ್ಪಾ, ಒಂದೇ ಒಂದು ದಿನ.”

ವೆಹ್ಬಿ ಮಗಳ ಮಾತಿಗೆ ಎಂದೂ ಎದುರಾಡಿದವನಲ್ಲ. ಆದರೆ ಹರಕೆ ಆ ಹೊತ್ತಿಗೆ ಅವನೊಬ್ಬನ ಸ್ವತ್ತಾಗಿ ಉಳಿದಿರಲಿಲ್ಲ. ಮರುದಿನ ಅವನು ತಹ್ಸೀನನ ಬಳಿ ಮೆಟ್ಟಿಲಿನಲ್ಲಿ ವಿಷಯ ತೆಗೆದ. ಮೆಲಾಹತ್ ಅಕ್ಕನಿಗೆ ಮೆಟ್ಟಿಲಿನ ಮಾತು ಕೇಳಿಸಲು ಕೊಳವೆ ಬೇಕಿಲ್ಲ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಓಡಿ ಬಂದರು.

“ಏನಂದೆ? ಬಿಸಿ ತೆಗೀತೀಯಾ? ನನ್ನ ಮಗ ಬರವಣಿಗೆ ಪರೀಕ್ಷೆ ಪಾಸಾಗಿದ್ದಾನೆ ಗೊತ್ತಾ? ಐದನೇ ಸಲಕ್ಕೆ! ಇನ್ನು ಉಳಿದಿರೋದು ಗಾಡಿ ಓಡಿಸೋದೊಂದೇ. ಈಗ ಹರಕೆ ಮುರಿದು ಅವನು ಗೋಡೆಗೆ ಗುದ್ದಿದ್ರೆ?”

“ಅಕ್ಕಾ, ಮಗಳ ವಿಷಯ...”

“ಅಣ್ಣ, ನನ್ನ ಕಲ್ಲು!” ಎಂದ ತಹ್ಸೀನ್, ಮುಖ ಬಿಳಚಿಕೊಂಡು. “ಮೊನ್ನೆ ಫಿಲಂ ತೆಗೆಸಿದೆ. ಹೊರಟಿದೆ. ಅರ್ಧ ದಾರೀಲಿದೆ! ಈಗ ನೀವು ಆ ಕಿವಿ ತಿರುಗಿಸಿದ್ರೆ ಅದು ಅಲ್ಲೇ ನಿಂತುಬಿಟ್ರೆ? ಅರ್ಧ ದಾರಿ ಅಂದ್ರೆ ಎಂಥ ಜಾಗ ಗೊತ್ತಾ ನಿಮಗೆ?”

ಗಲಾಟೆ ಕೇಳಿ ಇಳಿದು ಬಂದಿದ್ದ ನನ್ನನ್ನು ವೆಹ್ಬಿ ನೋಡಿದ. ಆ ನೋಟವನ್ನು ನಾನು ಬಲ್ಲೆ. ಕಪ್ಪು ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ ಹುಡುಗರು ಮೂವತ್ತೇಳು ವರ್ಷ ನನ್ನನ್ನು ಹಾಗೆ ನೋಡಿದ್ದಾರೆ. ಅವರಿಗೆ ನಾನು ಉತ್ತರವನ್ನು ಎಂದೂ ಹೇಳಿಕೊಟ್ಟಿಲ್ಲ. ನೆರ್ಮಿನ್ ಮೆಟ್ಟಿಲಿನ ಮೇಲ್ಗಡೆ ಕಂಬಿಯನ್ನು ಹಿಡಿದು ನಿಂತಿದ್ದಳು. ಐದನೆಯ ತರಗತಿಯಲ್ಲಿ ಭಿನ್ನರಾಶಿಯಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿ.

“ಅವನು ತನ್ನ ರೇಡಿಯೇಟರ್ ತೆರೆಯಬೇಕಾಗಿಲ್ಲ,” ಎಂದೆ. “ಒಂದು ಕೋಣೆಗೆ ಆರು ಮುಖಗಳಿರುತ್ತವೆ. ಇವನ ಮನೆಯ ನೆಲ ತಹ್ಸೀನನದು, ಚಾವಣಿ ನನ್ನದು, ಒಂದು ಗೋಡೆ ಮೆಲಾಹತ್ ಅಕ್ಕನದು. ಶುಕ್ರವಾರ ಸಂಜೆಯಿಂದ ನಾವು ಮೂವರೂ ಪೂರ್ತಿ ತೆರೆದರೆ ಭಾನುವಾರಕ್ಕೆ ಇವನ ಮನೆ ಇಪ್ಪತ್ತು ಡಿಗ್ರಿ ಮುಟ್ಟುತ್ತದೆ. ಹರಕೆಯೂ ಉಳಿಯುತ್ತದೆ.”

“ಅಂದ್ರೆ,” ಎಂದ ತಹ್ಸೀನ್ ನಿಧಾನವಾಗಿ, “ಜನವರೀಲಿ ನೀವು ಯಾವುದನ್ನ ಕಳ್ಳತನ ಅಂದಿರೋ ಅದನ್ನೇ ನಾವೀಗ ಬಾಗಿಲು ತೆಗೆದಿಟ್ಟು ಮಾಡಿಸ್ಬೇಕು.”

“ನಾನು ಕಳ್ಳತನ ಎಂಬ ಪದ ಬಳಸಿಲ್ಲ,” ಎಂದೆ.

ಶುಕ್ರವಾರ ಸಂಜೆ ಆರಕ್ಕೆ ಮೂರು ಮನೆಗಳ ಹದಿನೆಂಟು ಕಿವಿಗಳು ತಿರುಗಿದವು. ನಾನು ನನ್ನ ಮನೆಯಲ್ಲಿ ಬರೀ ಬನಿಯನ್ನಿನಲ್ಲಿ ಕುಳಿತೆ. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ. ಮೆಲಾಹತ್ ಅಕ್ಕ ಮಂಚವನ್ನು ಗೋಡೆಯಿಂದ ಎಳೆದು, “ಹೋಗು ಬಿಸೀ, ಆ ಕಡೆ ಹೋಗು” ಎಂದು ಗೋಡೆಯನ್ನು ತಟ್ಟುತ್ತಿದ್ದುದು ನನಗೂ ಕೇಳಿಸಿತು. ವೆಹ್ಬಿಯ ಮನೆಯ ಉಷ್ಣಮಾಪಕ ಶುಕ್ರವಾರ ಹದಿಮೂರು, ಶನಿವಾರ ಹದಿನೇಳು, ಭಾನುವಾರ ಮಧ್ಯಾಹ್ನ ಎರಡಕ್ಕೆ ಇಪ್ಪತ್ತೂವರೆ ತೋರಿಸಿತು. ನನ್ನ ಲೆಕ್ಕ ಅರ್ಧ ಡಿಗ್ರಿ ತಪ್ಪಿತ್ತು. ಮುಯೆಸ್ಸರ್ ಮೂರು ಸ್ವೆಟರುಗಳನ್ನೂ ಕಳಚಿದಾಗ ಪಕ್ಕದಲ್ಲಿದ್ದ ನನಗೆ ಅವಳ ಗುರುತೇ ಸಿಗಲಿಲ್ಲ.

ಎರಡೂವರೆಗೆ ನೆಂಟರು ಬಂದರು. ಹುಡುಗನ ತಂದೆ ಇಲ್ಹಾಮಿ, ಕಿತ್ತಳೆ ತೋಟದವರು, ದೊಡ್ಡ ಮೀಸೆ. ತಾಯಿ ನೆಜ್ಲಾ, ಎರಡು ಕೋಟು ಹಾಕಿಕೊಂಡು ಮೂರನೆಯದನ್ನು ಕೈಯಲ್ಲಿ ಹಿಡಿದಿದ್ದರು. ಹೆಣ್ಣಿನ ಕಡೆಯ ಹಿರಿಯರಾಗಿ ನಾನು, ಇಮಾಮರು. ಬೆಲ್ಲು ಕೆಟ್ಟಿದೆಯೇನೋ ನೋಡಲು ತಹ್ಸೀನ್. ಕಾಫಿಗೆ ಲೋಟ ಸಾಲದೇನೋ ನೋಡಲು ಮೆಲಾಹತ್ ಅಕ್ಕ. ನೆರ್ಮಿನ್ ಕಾಫಿ ತಂದಳು. ವಾಡಿಕೆಯಂತೆ ಹುಡುಗನ ಕಾಫಿಗೆ ಸಕ್ಕರೆಯ ಬದಲು ಉಪ್ಪು, ತಾಳ್ಮೆ ನೋಡಲು. ಅವನು ಕಣ್ಣು ಮಿಟುಕಿಸದೆ ಕುಡಿದ. ಎಲ್ಲರಿಗೂ ಸಮಾಧಾನವಾಯಿತು.

“ಎಷ್ಟು ಬೆಚ್ಚಗಿದೆಯಪ್ಪ ಮನೆ!” ಎಂದು ನೆಜ್ಲಾ ಎರಡನೆಯ ಕೋಟನ್ನು ತೆಗೆದರು. “ಎರ್ಜುರುಂ ಅಂದ್ರೆ ಹೆದರಿಸಿದ್ರು ನನ್ನ.”

ಇಲ್ಹಾಮಿ ಕಾಫಿಯನ್ನು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು. ಕೇಳುವ ಗಳಿಗೆ ಬಂದಿತ್ತು. ಎಡಗೈಯನ್ನು ಪಕ್ಕದ ರೇಡಿಯೇಟರಿನ ಮೇಲೆ ಊರಿದರು. “ದೇವರ ಅಪ್ಪಣೆ, ಪ್ರವಾದಿಗಳ ಮಾತು...” ಎಂದು ಆರಂಭಿಸಿ, ನಿಲ್ಲಿಸಿದರು. ಕೈಯನ್ನು ನೋಡಿಕೊಂಡರು. ಮತ್ತೆ ರೇಡಿಯೇಟರನ್ನು ಮುಟ್ಟಿದರು. ಎದ್ದು ಹೋಗಿ ಇನ್ನೊಂದನ್ನು ಮುಟ್ಟಿದರು.

“ಇದು ತಣ್ಣಗಿದೆ.”

ತಹ್ಸೀನ್ ಬೆಲ್ಲನ್ನು ಪರೀಕ್ಷಿಸಲು ಬಾಗಿಲ ಕಡೆ ತಿರುಗಿದ.

“ಕಲ್ಲಿನ ಹಾಗೆ ತಣ್ಣಗಿದೆ. ಮತ್ತೆ ಈ ಬಿಸಿ ಎಲ್ಲಿಂದ ಬರ್ತಿದೆ?”

ಮುಯೆಸ್ಸರ್ ಕಣ್ಣು ಮುಚ್ಚಿಕೊಂಡಳು. ಮೆಲಾಹತ್ ಅಕ್ಕ ಸಂಭ್ರಮದಿಂದ, “ಅದು ಹರಕೆ! ನಮ್ಮ ವೆಹ್ಬಿ ಅಣ್ಣ...” ಎಂದು ಬಾಯಿ ತೆರೆದರು. ವೆಹ್ಬಿ ಕೈ ಎತ್ತಿ ತಡೆದ. ಮಗಳನ್ನು ನೋಡಿದ. ಆಮೇಲೆ, ಈವರೆಗೆ ಅಂಟಿಸಿದ್ದ ಎಲ್ಲ ಚೀಟಿಗಳನ್ನೂ ಒಂದೇ ಸಲಕ್ಕೆ ಕಿತ್ತುಹಾಕಿದ.

“ಇದು ಪಕ್ಕದವರ ಬಿಸಿ, ಇಲ್ಹಾಮಿ ಅಣ್ಣ. ಮೇಲಿಂದು, ಕೆಳಗಿಂದು, ಆಚೆ ಗೋಡೇದು. ನಾನು ಚಳಿಗಾಲ ಪೂರ್ತಿ ಒಂದು ರೇಡಿಯೇಟರೂ ತೆಗೆದಿಲ್ಲ. ದುಡ್ಡು ಉಳಿಸೋಕೆ. ಸಭೇಲಿ ಸಿಕ್ಕಿಹಾಕ್ಕೊಂಡಾಗ ಹಕ್ಕಿಗಳಿಗೋಸ್ಕರ ಹರಕೆ ಅಂತ ಸುಳ್ಳು ಹೇಳ್ದೆ. ಹರಕೆನೂ ಇಲ್ಲ, ಏನೂ ಇಲ್ಲ. ಬೀಗರಾಗೋರ ಮುಂದೆ ಕದ್ದ ಬಿಸೀಲಿ ಕೂತು ಮಗಳನ್ನ ಕೊಡೋಕೆ ನನಗೆ ಮನಸ್ಸಿಲ್ಲ. ಈಗ ನೀವು ಏನಂತೀರೋ ಅದು.”

“ನನ್ನ ಕಲ್ಲು!” ಎಂದು ಪಿಸುಗುಟ್ಟಿದ ತಹ್ಸೀನ್.

“ನನ್ನ ಮಗ! ನಾಳೇನೇ ಗಾಡಿ ಪರೀಕ್ಷೆ!” ಎಂದರು ಮೆಲಾಹತ್ ಅಕ್ಕ.

“ಒಂದು ನಿಮಿಷ,” ಎಂದರು ಇಮಾಮರು. “ಅಂಚೆ ಕಚೇರಿಯಿಂದ ವರ್ಗ ಆಗಿ ಹೋದೋನು ನೀವೇನಾ?”

ವೆಹ್ಬಿ ತಲೆ ತಗ್ಗಿಸಿದ.

“ಬಾಯಲ್ಲಿ ಆಡಿದ ಹರಕೆ ಸುಳ್ಳಾಗಲ್ಲ ಅಂತ ಅವತ್ತೇ ಹೇಳಿದ್ದೆ. ನೀವು ಹೇಳಿದ್ದು ಸುಳ್ಳು, ಮಾಡಿದ್ದು ನಿಜ. ಕಾಳು ಹಾಕಿದ್ದೀರಿ. ಹಾಕ್ತಾ ಇರಿ, ಕೊಕ್ಕರೆ ಬರೋವರೆಗೆ. ಆದ್ರೆ ಹರಕೆ ಅಂದ್ರೆ ಒಳ್ಳೇ ಕೆಲಸ ಇರ್ಬೇಕು. ಹಕ್ಕಿಗೆ ಕಾಳು ಹಾಕೋದು ಒಳ್ಳೇ ಕೆಲಸ. ರೇಡಿಯೇಟರ್ ಮುಚ್ಕೊಂಡು ನಡುಗೋದು ಯಾವ ಕಿತಾಬಲ್ಲೂ ಒಳ್ಳೇ ಕೆಲಸ ಅಲ್ಲ. ಅದಕ್ಕೆ ಕಟ್ಟುಪಾಡಿಲ್ಲ. ಮೊದಲ ದಿನವೇ ತೆಗೀಬಹುದಿತ್ತು.”

“ಮೊದಲ ದಿನವೇ,” ಎಂದಳು ಮುಯೆಸ್ಸರ್. ಅವಳ ಕೈ ಪಕ್ಕದಲ್ಲಿದ್ದ ಸ್ವೆಟರುಗಳ ಕಟ್ಟಿನ ಮೇಲಿತ್ತು. ಸಭೆಯಿಂದ ಅಂದಿಗೆ ನಲವತ್ತೊಂಬತ್ತು ದಿನವಾಗಿತ್ತು. ಅದನ್ನು ಆಗ ಹೇಳುವುದು ಸರಿಯಲ್ಲವೆಂದು ನಾನೂ ಸುಮ್ಮನಿದ್ದೆ.

ಎಲ್ಲರೂ ಇಲ್ಹಾಮಿಯವರನ್ನು ನೋಡಿದರು. ನೆರ್ಮಿನ್ ಖಾಲಿ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಇಲ್ಹಾಮಿ ರೇಡಿಯೇಟರಿನಿಂದ ರೇಡಿಯೇಟರಿಗೆ ಇನ್ನೊಮ್ಮೆ ಹೋಗಿ ಬಂದು, ವೆಹ್ಬಿಯ ಪಕ್ಕದಲ್ಲೇ ಕುಳಿತರು. ಧ್ವನಿ ತಗ್ಗಿಸಿದರು.

“ಬರೀ ಮೂರು ಕಡೆಯಿಂದಾನಾ?”

“ಮೂರೇ ಕಡೆ.”

“ಹೊರಗೋಡೆ ಇದ್ದೂನೂ ಇಪ್ಪತ್ತು ಬಂತಾ?”

“ಇಪ್ಪತ್ತೂವರೆ,” ಎಂದೆ ನಾನು.

“ಮೆರ್ಸಿನ್‌ನಲ್ಲಿ ನಮ್ಮದೂ ನಡು ಅಂತಸ್ತು,” ಎಂದರು ಇಲ್ಹಾಮಿ. “ಬೇಸಿಗೇಲಿ ನಲವತ್ತು ಡಿಗ್ರಿ. ಮೇಲಿನೋರು ಎಸಿ ಹಾಕ್ತಾರೆ, ಕೆಳಗಿನೋರು ಎಸಿ ಹಾಕ್ತಾರೆ. ನಾನು ಬರೀ ನೆಲದ ಮೇಲೆ ಮಲಗ್ತೀನಿ. ಏಳು ಬೇಸಿಗೆ ಆಯ್ತು.”

“ಏಳಲ್ಲ, ಒಂಬತ್ತು,” ಎಂದರು ನೆಜ್ಲಾ. “ಒಂಬತ್ತು ಬೇಸಿಗೆಯಿಂದ ನಾನೂ ಆ ನೆಲದ ಮೇಲೇ ಮಲಗಿದ್ದೀನಿ.” ಆಮೇಲೆ ಮುಯೆಸ್ಸರಳನ್ನು ನೋಡಿದರು. ಮುಯೆಸ್ಸರ್ ಅವರನ್ನು ನೋಡಿದಳು. ಇಬ್ಬರು ಬೀಗಿತ್ತಿಯರು ಒಂದು ಮಾತೂ ಇಲ್ಲದೆ ಇಷ್ಟು ಬೇಗ ಒಬ್ಬರನ್ನೊಬ್ಬರು ಅರ್ಥಮಾಡಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

“ನೀವಾದ್ರೆ ಹಕ್ಕಿಗಳಿಗಾದ್ರೂ ಹಾಕಿದ್ದೀರಿ,” ಎಂದರು ಇಲ್ಹಾಮಿ. “ನಾನು ಅದನ್ನೂ ಮಾಡಿಲ್ಲ. ದೇವರ ಅಪ್ಪಣೆ, ಪ್ರವಾದಿಗಳ ಮಾತಿನಂತೆ ನಿಮ್ಮ ಮಗಳು ನೆರ್ಮಿನ್‌ನ ನಮ್ಮ ಮಗ ತುರ್ಗಯ್‌ಗೆ ಕೇಳ್ತಾ ಇದ್ದೀನಿ. ಕೊಡಿ ಬೀಗರೇ.”

“ಕೊಟ್ಟೆ,” ಎಂದ ವೆಹ್ಬಿ. ಆಮೇಲೆ ಎದ್ದು ಆರು ರೇಡಿಯೇಟರುಗಳನ್ನೂ ತೆರೆದ. ನಾನು ಕುಳಿತಲ್ಲೇ ಎಣಿಸಿದೆ. ಆರೂ ಸರಿ.

ತಹ್ಸೀನನ ಕಲ್ಲು ಅಂದು ಸಂಜೆಯೇ ಬಿತ್ತು. ಅದು ಹರಕೆಯಿಂದಲೋ, ಹರಕೆ ಸುಳ್ಳೆಂದು ಕೇಳಿದ ಆಘಾತದಿಂದಲೋ ಎಂಬ ಬಗ್ಗೆ ಕಟ್ಟಡದಲ್ಲಿ ಈಗಲೂ ಎರಡು ಪಕ್ಷಗಳಿವೆ. ಮೆಲಾಹತ್ ಅಕ್ಕನ ಮಗ ಮರುದಿನ ಗಾಡಿ ಪರೀಕ್ಷೆಯಲ್ಲಿ ಪಾಸಾಗಿ, ಮೂರನೆಯ ದಿನ ಕಲ್ಲಿದ್ದಲ ಕೊಟ್ಟಿಗೆಗೆ ಗುದ್ದಿದ. ಹಕ್ಕಿಗಳು ಮೊದಲೇ ಎದ್ದಿದ್ದವು.

ಮಾರ್ಚ್ ಮೂವತ್ತು, ಶನಿವಾರ, ಮಧ್ಯಾಹ್ನ ಮಸೀದಿಯ ಪಕ್ಕದ ಕಂಬದ ಮೇಲೆ ಕೊಕ್ಕರೆ ಬಂದು ನಿಂತಿತು. ಒಂದು. ಅಂದೇ ವೆಹ್ಬಿ ಮೇಲೆ ಬಂದು ನನಗೊಂದು ಲಕೋಟೆ ಕೊಟ್ಟ. ಒಂದು ಅಂತಸ್ತು ಹತ್ತಿ ತಾನೇ ತಂದ ಲಕೋಟೆಗೆ ಎರಡು ಅಂಚೆಚೀಟಿಗಳನ್ನು ಅಂಟಿಸಿದ್ದ. ಒಳಗೆ ನಾನೂರ ಹನ್ನೆರಡು ಲಿರಾ.

“ಜನವರಿ ಸಭೇದು, ಮೇಷ್ಟ್ರೇ. ಆಮೇಲೆ ನೀವು ಬಾಯಿಬಿಟ್ಟು ಕೇಳಲಿಲ್ಲ, ಆದ್ರೆ ನಿಮ್ಮ ಮುಖದಲ್ಲಿ ಬರೆದಿತ್ತು.”

ಲಕೋಟೆಯನ್ನು ಮೇಜಿನ ಮೇಲಿಟ್ಟೆ. ಲೆಕ್ಕವನ್ನು ಒಂದೇ ಕಡೆಯಿಂದ ಮಾಡಿ ಮುಗಿಸಬಾರದೆಂದು ನಾನೇ ಮಕ್ಕಳಿಗೆ ಹೇಳುತ್ತಿದ್ದೆ. ಮಾರ್ಚಿನ ಪಟ್ಟಿ ಬರುವವರೆಗೆ ಕಾದೆ. ಏಪ್ರಿಲ್ ಐದರಂದು ಬಂತು. ತಿಂಗಳಿಡೀ ವೆಹ್ಬಿಯ ಆರು ರೇಡಿಯೇಟರುಗಳು ಉರಿದಿದ್ದವು. ತಡೆದುಕೊಂಡ ಚಳಿಯನ್ನೆಲ್ಲ ಒಂದೇ ತಿಂಗಳಲ್ಲಿ ತೀರಿಸಿಕೊಳ್ಳುವವನಂತೆ ಕಾಯಿಸಿದ್ದ. ಅದೆಲ್ಲ ಮೇಲಕ್ಕೇರಿ ನನ್ನ ನೆಲಕ್ಕೆ ತಗುಲಿತ್ತು. ನಾನು ನನ್ನ ಕೋಣೆಗಳಲ್ಲಿ ಎರಡನ್ನು ಕಾಯಿಸುವ ಅಗತ್ಯವೇ ಬಿದ್ದಿರಲಿಲ್ಲ. ನನ್ನ ಎದುರು ಮನೆಯ ಖರ್ಚಿಗಿಂತ ನನ್ನದು ನಾನೂರ ಮೂವತ್ತು ಲಿರಾ ಕಡಿಮೆ. ಜನವರಿಯಲ್ಲಿ ಸಭೆಯ ಮುಂದೆ ನಾನು ಓದಿದ ವಿಧಾನವೇ ವಿಧಾನವಾದರೆ, ಆ ನಾನೂರ ಮೂವತ್ತು ನಾನು ವೆಹ್ಬಿಗೆ ಕೊಡಬೇಕಾದದ್ದು.

ಕೆಳಗಿಳಿದು ಲಕೋಟೆಯನ್ನು ಹಿಂದಿರುಗಿಸಿದೆ. ಮೇಲೆ ಹದಿನೆಂಟು ಲಿರಾ ಎಣಿಸಿಟ್ಟೆ.

“ಅಯ್ಯೋ ಇದೇನು ಮೇಷ್ಟ್ರೇ? ಬಿಸಿಗೆಲ್ಲ ದುಡ್ಡು ತಗೋತಾರಾ ಯಾರಾದ್ರೂ?” ಎಂದ. ಈ ಮಾತನ್ನು ಅವನು ತಮಾಷೆಗೆ ಹೇಳಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ನಾನೂರ ಹನ್ನೆರಡನ್ನು ಹೆಂಡತಿಯ ಕೈಗೆ ಕೊಟ್ಟು, ಹದಿನೆಂಟನ್ನು ನನ್ನ ಕೋಟಿನ ಜೇಬಿಗೇ ಹಾಕಿದ. “ಇದು ಬೇಡ ನನಗೆ. ಹಕ್ಕಿಗಳಿಗೆ ಹಾಕಿ.”

ಹಿತ್ತಲಿನಲ್ಲಿ ಅಂದು ಬೆಳಿಗ್ಗೆಯೇ ಸರ್ಕಾರದ ನಾಲ್ಕು ಮೂಟೆ ಗೋಧಿ ಬಂದು ಇಳಿದಿತ್ತು. ಅದು ಸರ್ಕಾರದ್ದು, ನನ್ನ ಸಾಲಕ್ಕೆ ಅದನ್ನು ವಜಾ ಮಾಡಿಕೊಳ್ಳಲು ಬರುವುದಿಲ್ಲ. ಅಂಗಡಿಗೆ ಹೋಗಿ ಹದಿನೆಂಟು ಲಿರಾಕ್ಕೆ ಒಂದೂವರೆ ಕಿಲೋ ಗೋಧಿ ತೂಗಿಸಿಕೊಂಡು ಬಂದೆ. ನಜ್ಜುಗುಜ್ಜಾದ ತಗಡಿನ ಮೇಲೆ ನಾನೇ ಚೆಲ್ಲಿದೆ. ಇಪ್ಪತ್ತೊಂಬತ್ತು ಗುಬ್ಬಿಗಳು ಬಂದವು. ಕಾಗೆ ಇರಲಿಲ್ಲ.

ನನ್ನ ಕಡೆಯಿಂದ ಲೆಕ್ಕ ಚುಕ್ತಾ ಆಗಿದೆ. ಫಲಾನುಭವಿಗಳ ಸಹಿ ಇನ್ನೂ ಬಂದಿಲ್ಲ.